ತಾನಾಗಿ ಆದದ್ದು

“ಅದು ತಾನಾಗಿ ಆಯಿತು” ಎನ್ನುವುದು ನಮಗೆಲ್ಲ ಬಹು ಪ್ರಿಯವಾದ ಮಾತು. ಹಾಲು ತಾನಾಗಿ ಉಕ್ಕುತ್ತದೆ. ಅಣ್ಣತಮ್ಮಂದಿರಲ್ಲಿ ಮನಸ್ತಾಪ ತಾನಾಗಿ ಬೆಳೆಯುತ್ತದೆ. ಊರ ಕೆರೆಯಲ್ಲಿ ಹೂಳು ತಾನಾಗಿ ತುಂಬುತ್ತದೆ. ಮಾಡಿದವರು ಯಾರೂ ಇಲ್ಲ. ಆದ್ದರಿಂದ ಹೊಣೆಗಾರರೂ ಇಲ್ಲ. ಈ ಮಾತಿಗೆ ರಸಾಯನಶಾಸ್ತ್ರವೂ ಸಾಕ್ಷಿ ನುಡಿಯುವಂತೆ ತೋರುವುದರಿಂದ, ಆ ಸಾಕ್ಷಿಯನ್ನು ಕೊಂಚ ಪಾಟೀಸವಾಲಿಗೆ ಒಳಪಡಿಸಬೇಕೆಂದು ನನಗೆ ಅನ್ನಿಸುತ್ತದೆ.

ಅಣುಗಳು ಯಾರ ಕೈಯೂ ಸೋಕದೆ ತಾವೇ ಕೂಡಿ ವ್ಯವಸ್ಥಿತ ರೂಪ ತಾಳುವುದಕ್ಕೆ ಸ್ವಯಂಜೋಡಣೆ ಎಂದು ಹೆಸರು. 1955ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಫ್ರೆಂಕೆಲ್-ಕಾನ್ರಾಟ್ ಮತ್ತು ರಾಬ್ಲಿ ವಿಲಿಯಮ್ಸ್ ಎಂಬ ವಿಜ್ಞಾನಿಗಳು, ಹೊಗೆಸೊಪ್ಪಿನ ಗಿಡಕ್ಕೆ ರೋಗ ತರುವ ಮೊಸಾಯಿಕ್ ವೈರಸ್ಸನ್ನು ಬಿಡಿಸಿ, ಪ್ರೋಟೀನನ್ನು ಒಂದು ಕಡೆ, ನ್ಯೂಕ್ಲಿಯಿಕ್ ಆಮ್ಲವನ್ನು ಒಂದು ಕಡೆ ಇಟ್ಟರು. ಎರಡನ್ನೂ ಮತ್ತೆ ಬೆರೆಸಿದಾಗ ಮೊದಲಿನ ಕೋಲಿನಾಕಾರವೇ ಮೂಡಿತು. ಗಿಡಕ್ಕೆ ಸೋಂಕನ್ನೂ ತಂದಿತು. ಒಂದು ಮೀಟರನ್ನು 100 ಕೋಟಿ ಪಾಲು ಮಾಡಿದರೆ ಅದರಲ್ಲಿ 300 ಪಾಲು ಮಾತ್ರ ಈ ಕೋಲಿನ ಉದ್ದ. ಅಷ್ಟರಲ್ಲೇ ಸುಮಾರು 2,130 ಪ್ರೋಟೀನ್ ತುಣುಕುಗಳು ಸುರುಳಿ ಮೆಟ್ಟಿಲಿನಂತೆ ಸಾಲಾಗಿ ಕುಳಿತಿರುತ್ತವೆ. ಮೇಸ್ತ್ರಿಯಿಲ್ಲ, ಕೂಲಿಯ ತಕರಾರಿಲ್ಲ!

ಇದನ್ನು ಕೇಳಿದೊಡನೆ ಕೆಲವರಿಗೆ ಉತ್ಸಾಹ ಉಕ್ಕುತ್ತದೆ. ‘ಸಮಾಜವನ್ನೂ ಅದರ ಪಾಡಿಗೆ ಬಿಡಿ, ಎಲ್ಲ ತಾನೇ ಸರಿಹೋಗುತ್ತದೆ’ ಎನ್ನುತ್ತಾರೆ. ಅಂಥವರ ಮುಂದೆ ನಾನು ಎರಡು ಸಂಗತಿಗಳನ್ನು ಇಡಬಯಸುತ್ತೇನೆ.

ವ್ಯವಸ್ಥೆ ಎಂದ ಮಾತ್ರಕ್ಕೆ ಅದು ಒಳ್ಳೆಯದಾಗಬೇಕಾಗಿಲ್ಲ ಎಂಬುದು ಮೊದಲನೆಯದು. ಕುಡುಗೋಲು ಕಣ ರೋಗದಲ್ಲಿ, ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿರುವ ಒಂದೇ ಒಂದು ಅಮೈನೋ ಆಮ್ಲ ಬೇರೆಯಾಗಿರುತ್ತದೆ. ಆಮ್ಲಜನಕವನ್ನು ಬಿಟ್ಟುಕೊಟ್ಟ ಮೇಲೆ ಆ ಅಣುಗಳು ಒಂದಕ್ಕೊಂದು ಅಂಟಿ ನೀಳವಾದ ಎಳೆಗಳಾಗುತ್ತವೆ. ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಎಳೆಗಳ ಜೋಡಣೆಯೇನೋ ಬಲು ಅಚ್ಚುಕಟ್ಟು, ರೋಗಿಗೆ ಪ್ರಾಣಸಂಕಟ.

‘ತಾನಾಗಿ’ ಎಂಬುದರ ಹಿಂದೆಯೂ ಒಂದು ಏರ್ಪಾಡಿರುತ್ತದೆ ಎಂಬುದು ಎರಡನೆಯದು. ನೀರಿನ ಆಮ್ಲತೆ, ಲವಣ, ಶಾಖ ಹದವಾಗಿರದಿದ್ದರೆ ವೈರಸ್ಸಿನ ಕೋಲು ಕಟ್ಟಿಕೊಳ್ಳದು. ಪ್ರಯೋಗಶಾಲೆಯಲ್ಲಿ ಆ ಹದ ನೋಡಿದವರು ಮನುಷ್ಯರೇ. ಮೇಲಾಗಿ, ತುಣುಕುಗಳನ್ನು ಹಿಡಿದಿಡುವ ಬಂಧಗಳು ಒಂದೊಂದಾಗಿ ದುರ್ಬಲ. ತಪ್ಪಾಗಿ ಕುಳಿತ ತುಣುಕು ಬಿಡಿಸಿಕೊಂಡು ಸರಿಯಾದ ಎಡೆಯಲ್ಲಿ ಮತ್ತೆ ಕೂರಬಹುದು. ತಗುಲಿದ ಕಡೆಯೇ ಬಿಡದಂತೆ ಅಂಟಿಕೊಂಡರೆ ಆಗುವುದು ಕೋಲಲ್ಲ, ಗಂಟು.

ಈಗ ನಮ್ಮ ಕಡೆ ನೋಡೋಣ. ಹಾಲು ತಾನಾಗಿಯೇ ಉಕ್ಕಿರಬಹುದು. ಒಲೆ ಹಚ್ಚಿದವರು ಯಾರು? ಹೂಳು ತಾನಾಗಿಯೇ ಬಂದಿರಬಹುದು. ಗುಡ್ಡದ ಮರ ಕಡಿದವರು ಯಾರು? ಜಾತಿಯ ಕಟ್ಟಳೆಯನ್ನು ಯಾರೂ ಮಾಡಲಿಲ್ಲ, ಕಾಲಾಂತರದಲ್ಲಿ ತಾನಾಗಿ ಬೆಳೆಯಿತು ಎನ್ನುವವರಿದ್ದಾರೆ. ವಾದಕ್ಕಾಗಿ ಒಪ್ಪೋಣ. ಆದರೆ ಯಾರಿಗೆ ಒಳಮನೆಯಲ್ಲಿ ಎಲೆ, ಯಾರಿಗೆ ಅಂಗಳದಲ್ಲಿ ನೀರು ಎಂಬ ಹದವನ್ನು ದಿನದಿನವೂ ಕಾಯುವವರು ಯಾರು? ಹುಟ್ಟಿದ ಕಡೆಯೇ ಮನುಷ್ಯನನ್ನು ಅಂಟಿಸಿ, ಎದ್ದು ಬೇರೆಡೆ ಕೂರಲು ಬಿಡದ ಆ ಗಂಟನ್ನು ಬಿಗಿಯುವವರು ಯಾರು?

ಅಣುವಿಗೆ ತಾನು ಕುಳಿತ ಜಾಗ ನ್ಯಾಯವೇ ಎಂದು ಕೇಳುವ ಶಕ್ತಿಯಿಲ್ಲ. ನಮಗಿದೆ. ಕೈಯಾರೆ ಮಾಡಿದ್ದಕ್ಕೆ ಮಾತ್ರವಲ್ಲ, ಆಗುವಂತೆ ಹದಗೊಳಿಸಿದ್ದಕ್ಕೂ ನಾವು ಹೊಣೆ. ‘ತಾನಾಗಿ ಆಯಿತು’ ಎಂದು ಅಣು ಹೇಳಿದರೆ ಒಪ್ಪಬಹುದು; ಮನುಷ್ಯ ಹೇಳಿದರೆ ವಿಚಾರಿಸಬೇಕು.