ನಡುವಿನ ಮನೆ ಯಾರದು?

1961ರ ಮೇ 29. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಮೆಕ್‌ಡೋವೆಲ್ ಕೌಂಟಿಯಲ್ಲಿ ಗಂಡ–ಹೆಂಡತಿ ಇಬ್ಬರು 95 ಡಾಲರಿನ ಫುಡ್ ಸ್ಟ್ಯಾಂಪ್ (ಆಹಾರ ಕೊಳ್ಳುವ ಸರ್ಕಾರಿ ಚೀಟಿ) ಪಡೆದು ದಿನಸಿ ಅಂಗಡಿಗೆ ಹೋದರು. ಅಧ್ಯಕ್ಷ ಕೆನಡಿ ಆರಂಭಿಸಿದ ಪ್ರಾಯೋಗಿಕ ಯೋಜನೆಯ ಮೊದಲ ಫಲಾನುಭವಿಗಳು ಅವರೇ. ಗಣಿಗಳಿಗೆ ಯಂತ್ರ ಬಂದು, ಕಲ್ಲಿದ್ದಲು ತೆಗೆಯುತ್ತಿದ್ದ ಕೈಗಳಿಗೆ ಕೆಲಸವಿಲ್ಲದಾದ ಕಾಲ ಅದು. ಆ ಮನೆಯಲ್ಲಿ ಉಣ್ಣುವವರು 15 ಮಂದಿ.

ಇಂಥ ಕೌಂಟಿಯ ಬದುಕನ್ನು ಒಂದೇ ಅಂಕಿಯಲ್ಲಿ ಹೇಳಬೇಕಾದಾಗ ಅಮೆರಿಕದ ಜನಗಣತಿ ಇಲಾಖೆ ಕುಟುಂಬ ಆದಾಯದ ಮಧ್ಯಾಂಕವನ್ನು ಮುಂದಿಡುತ್ತದೆ. ಎಲ್ಲ ಮನೆಗಳನ್ನೂ ಆದಾಯದ ಏರಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಮನೆಯ ಆದಾಯವೇ ಅದು. ಸರಾಸರಿಗಿಂತ ಇದು ನ್ಯಾಯವಾದದ್ದು, ಒಬ್ಬ ಗಣಿ ಮಾಲೀಕನ ಸಂಪತ್ತು ಇದನ್ನು ಎಳೆದಾಡಲಾರದು. ಆದರೆ ಆ ಸಾಲಿನಲ್ಲಿ 15 ಜನರ ಮನೆಗೂ ಒಂದೇ ಜಾಗ, ಒಂಟಿ ಮುದುಕಿಯ ಮನೆಗೂ ಒಂದೇ ಜಾಗ. ನಮ್ಮ ಜನಗಣತಿ ಕುಟುಂಬವನ್ನು ಗುರುತಿಸುವುದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರೆಂದು. ಅಮೆರಿಕದಲ್ಲಿ ಒಂದೇ ಸೂರಿನಡಿ ಇರುವವರೆಲ್ಲ ಒಂದು ಕುಟುಂಬ. ಇನ್ನೂ ಒಂದು ಮಾತಿದೆ. ಫುಡ್ ಸ್ಟ್ಯಾಂಪಿನ ಬೆಲೆಯನ್ನು ಈ ಲೆಕ್ಕ ಆದಾಯವೆಂದು ಎಣಿಸುವುದಿಲ್ಲ. ಹಿತ್ತಿಲಲ್ಲಿ ಬೆಳೆದುಕೊಂಡ ಹುರುಳಿಕಾಯಿಯನ್ನೂ ಎಣಿಸುವುದಿಲ್ಲ. ಹೊಟ್ಟೆ ತುಂಬಿಸಿದ್ದು ಯಾವುದೋ, ಅದಕ್ಕೇ ಸಾಲಿನಲ್ಲಿ ಲೆಕ್ಕವಿಲ್ಲ.

ಹಾಗಾದರೆ ಆ ನಡುವಿನ ಮನೆ ನಿಜಕ್ಕೂ ಇದೆಯೇ?

ಗ್ರೀಕ್ ದೊರೆ ಮಿಲಿಂದನಿಗೂ ಬೌದ್ಧ ಭಿಕ್ಷು ನಾಗಸೇನನಿಗೂ ನಡೆದ ಸಂವಾದದಲ್ಲಿ ಇದೇ ಬಗೆಯ ಪ್ರಶ್ನೆ ಎದ್ದಿತ್ತು. ದೊರೆ ಬಂದ ರಥ ಎಂದರೆ ಗಾಲಿಯೇ, ಅಚ್ಚೇ, ನೊಗವೇ? ಯಾವುದೂ ಅಲ್ಲ. ಅವೆಲ್ಲ ಕೂಡಿದಾಗ ವ್ಯವಹಾರಕ್ಕೆಂದು ಇಟ್ಟುಕೊಂಡ ಹೆಸರು ರಥ. ಹಾಗೆಂದು ದೊರೆ ನಡೆದುಕೊಂಡೇನೂ ಬಂದಿರಲಿಲ್ಲ. ಮಧ್ಯಾಂಕವೂ ಅಂಥದ್ದೇ ಹೆಸರು. ಅದರಲ್ಲಿ ಯಾರೂ ವಾಸವಿಲ್ಲ, ಆದರೂ ಅದನ್ನು ನೆಚ್ಚಿ ಸರ್ಕಾರ ಸಾಗುತ್ತದೆ.

ಕಾಲ ಸೇರಿದರೆ ತೊಡಕು ಹೆಚ್ಚುತ್ತದೆ. 1950ರಲ್ಲಿ ಮೆಕ್‌ಡೋವೆಲ್‌ನಲ್ಲಿ 98,887 ಜನರಿದ್ದರು. 2020ರಲ್ಲಿ ಉಳಿದವರು 19,111. ಒಂಬತ್ತು ಮನೆಗಳ ಕೇರಿಯೊಂದನ್ನು ಊಹಿಸಿಕೊಳ್ಳಿ, ಅಲ್ಲಿ ಐದನೆಯದು ನಡುವಿನ ಮನೆ. ತೀರಾ ಬಡವರಾದ ಎರಡು ಕುಟುಂಬಗಳು ಗಂಟುಮೂಟೆ ಕಟ್ಟಿ ಹೊರಟರೆ, ಹಿಂದೆ ಆರನೆಯದಾಗಿದ್ದ ಮನೆ ನಡುವಿಗೆ ಬರುತ್ತದೆ. ಯಾರ ಕೈಗೂ ಒಂದು ಬಿಡಿಗಾಸು ಹೆಚ್ಚು ಸೇರಲಿಲ್ಲ, ಆದರೂ ಅಂಕಿ ಏರಿತು! ದುಡಿಯುವ ಹುಡುಗರಿರುವ ಮನೆಗಳೇ ಖಾಲಿಯಾದರೆ ಯಾರೂ ಏನನ್ನೂ ಕಳೆದುಕೊಳ್ಳದೆ ಅಂಕಿ ಇಳಿಯುತ್ತದೆ. ಮೊದಲ ಜಾವದಲ್ಲಿ ಉರಿದ ದೀಪದ ಜ್ವಾಲೆ ಕೊನೆಯ ಜಾವದ್ದೇ ಹೌದೋ ಎಂದೂ ನಾಗಸೇನ ಕೇಳಿದ್ದ. ಅದೂ ಅಲ್ಲ, ಬೇರೆಯೂ ಅಲ್ಲ. ಕೌಂಟಿಯ ಹೆಸರು ಮಾತ್ರ ಒಂದೇ.

ಅಳೆಯುವ ರೀತಿಯೂ ಬದಲಾಗಿದೆ. 2000ರವರೆಗೆ ಹತ್ತು ವರ್ಷಕ್ಕೊಮ್ಮೆ ಸುಮಾರು ಆರು ಮನೆಗಳಲ್ಲಿ ಒಂದಕ್ಕೆ ಉದ್ದನೆಯ ಪ್ರಶ್ನಾವಳಿ ಹೋಗುತ್ತಿತ್ತು. ಈಗ ವರ್ಷವಿಡೀ ನಡೆಯುವ ಅಮೆರಿಕನ್ ಕಮ್ಯುನಿಟಿ ಸರ್ವೆ ಇದೆ. ಆದರೆ 65,000ಕ್ಕಿಂತ ಕಡಿಮೆ ಜನರಿರುವಲ್ಲಿ ಒಂದು ವರ್ಷದ ಉತ್ತರಗಳು ಸಾಲವು, ಐದು ವರ್ಷಗಳದ್ದನ್ನು ಕೂಡಿಸಿ ಒಂದೇ ಅಂಕಿ ಕೊಡುತ್ತಾರೆ. ಯಾವ ವರ್ಷದ್ದೂ ಅಲ್ಲದ ವರ್ತಮಾನ ಅದು.

ವರ್ಷಕ್ಕೊಂದು ಅಂಕಿ ಬೇಕೇಬೇಕೆಂದರೆ ಇಲಾಖೆಯದೇ ಇನ್ನೊಂದು ದಾರಿಯಿದೆ. ಸಮೀಕ್ಷೆಯ ಉತ್ತರವನ್ನೂ ತೆರಿಗೆ ವಿವರದಂಥ ದಾಖಲೆಗಳಿಂದ ಕಟ್ಟಿದ ಅಂದಾಜನ್ನೂ ತೂಗಿ ಬೆರೆಸುತ್ತಾರೆ. ನೈಯಾಯಿಕರ ಭಾಷೆಯಲ್ಲಿ ಹೇಳುವುದಾದರೆ ಒಂದು ಪ್ರತ್ಯಕ್ಷಕ್ಕೆ ಹತ್ತಿರ, ಇನ್ನೊಂದು ಅನುಮಾನ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವುದು. ಸಮೀಕ್ಷೆಗೆ ಉತ್ತರ ಕೊಟ್ಟ ಮನೆಗಳು ಕಡಿಮೆಯಾದಷ್ಟೂ ತೂಕ ಅನುಮಾನದ ಕಡೆಗೆ ವಾಲುತ್ತದೆ. ಬೆಟ್ಟದ ಹೊಗೆ ಕಂಡು ಬೆಂಕಿಯನ್ನು ಊಹಿಸಲು ಹೊಗೆ–ಬೆಂಕಿಗಳ ವ್ಯಾಪ್ತಿ, ಅಂದರೆ ಅವುಗಳ ತಪ್ಪದ ನಂಟು, ಗೊತ್ತಿರಬೇಕು. ಇಲ್ಲಿ ಆ ವ್ಯಾಪ್ತಿಯನ್ನು ದೇಶದ ಉಳಿದ ಕೌಂಟಿಗಳಿಂದ ಕಲಿತಿರುತ್ತಾರೆ. ಅಂದರೆ ಸಣ್ಣ ಊರು ತನ್ನ ಬಗ್ಗೆ ತಾನು ಹೇಳಿದ್ದಕ್ಕಿಂತ, ಅಂಥ ಊರುಗಳು ಸಾಮಾನ್ಯವಾಗಿ ಹೇಗಿರುತ್ತವೆ ಎಂಬುದಕ್ಕೇ ಹೆಚ್ಚು ಬೆಲೆ ಸಿಗಬಹುದು. ಇದು ಗಣಿತದ ತಪ್ಪಲ್ಲ, ಎಷ್ಟೋ ವೇಳೆ ಉತ್ತರ ಹೆಚ್ಚು ನಿಖರವೇ ಆಗುತ್ತದೆ. ಆದರೆ ವಿಚಿತ್ರವಾಗಿರುವ, ಯಾರಂತೆಯೂ ಇಲ್ಲದ ಊರಿಗೆ ಅದರಿಂದ ಅನ್ಯಾಯವಾಗುವ ಸಾಧ್ಯತೆಯಂತೂ ಉಳಿದೇ ಇದೆ.

ಅಂಕಿಯನ್ನೇ ಬಿಸಾಡೋಣ ಎನ್ನುವುದು ಸುಲಭ, ಆದರೆ ಕ್ರೂರ. ಸಮೀಕ್ಷೆಯನ್ನೂ ದಾಖಲೆಗಳನ್ನೂ ಬೆರೆಸುವ ಇದೇ ಲೆಕ್ಕ ಅಂದಾಜಿಸುವ ಬಡ ಮಕ್ಕಳ ಸಂಖ್ಯೆಯನ್ನು ನೋಡಿಯೇ ಕೇಂದ್ರದ ಹಣ ಶಾಲೆಗಳಿಗೆ ಹಂಚಿಕೆಯಾಗುತ್ತದೆ. ಲೆಕ್ಕದಲ್ಲಿ ಕಾಣದ ಮಗುವಿಗೆ ಪಾಲೂ ಇಲ್ಲ. ಮಾಡಬೇಕಾದದ್ದು ಇಷ್ಟು: ಮಧ್ಯಾಂಕ ಅಚ್ಚಾಗುವಲ್ಲೆಲ್ಲ ಅದು ಎಷ್ಟು ಆಚೀಚೆ ಆಗಬಹುದೆಂಬುದೂ, ಆ ಅವಧಿಯಲ್ಲಿ ಎಷ್ಟು ಜನ ಊರು ಬಿಟ್ಟರೆಂಬುದೂ ಅಷ್ಟೇ ದಪ್ಪ ಅಕ್ಷರದಲ್ಲಿ ಜೊತೆಗಿರಬೇಕು. ಆಗ ಮೆಕ್‌ಡೋವೆಲ್‌ನ ಅಂಕಿ ಒಂದಿಷ್ಟು ಏರಿದ್ದನ್ನು ಕಂಡವರು, ಯಾವ ಮನೆಗಳಿಗೆ ಬೀಗ ಬಿತ್ತು ಎಂದೂ ವಿಚಾರಿಸಿಯಾರು.