ಯಾರ ಪರವಾಗಿ ಈ ಎಚ್ಚರ?

ಪರೀಕ್ಷೆಯ ಫಲಿತಾಂಶಗಳು ಹೊರಬಂದ ದಿನಗಳಲ್ಲಿ ನಮ್ಮ ಅನೇಕ ಮನೆಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ. ಮಗನೋ ಮಗಳೋ ಸಿ.ಎ. ಇಂಟರ್ ಪರೀಕ್ಷೆಯಲ್ಲಿ ಉತ್ತೀರ್ಣರಾದರೆ, ಮುಂದಿನ ತರಬೇತಿಗೆ ಯಾವ ಆಡಿಟರ ಕಚೇರಿಯನ್ನು ಸೇರಬೇಕು ಎಂಬುದೇ ಆ ಮಾತು. ಕೆಲವು ತಿಂಗಳ ಹಿಂದೆ ನನ್ನ ತಂಗಿಯ ಮೊಮ್ಮಗನೂ ಇದೇ ಪ್ರಶ್ನೆಯನ್ನು ಹೊತ್ತು ನನ್ನಲ್ಲಿಗೆ ಬಂದಿದ್ದನು. ಬಹುಕಾಲ ಈ ವೃತ್ತಿಯಲ್ಲಿದ್ದು ಈಗ ನಿವೃತ್ತನಾಗಿರುವ ನಾನು ದಾರಿ ತೋರಬಲ್ಲೆನೆಂಬುದು ಅವನ ನಂಬಿಕೆ. “ಅಜ್ಜಾ, ದೊಡ್ಡ ಕಚೇರಿಯಾದರೆ ಹೆಸರು ಸಿಗುತ್ತದೆ, ಚಿಕ್ಕದಾದರೆ ಕೆಲಸ ಕಲಿಯಬಹುದು ಎನ್ನುತ್ತಾರೆ. ಹೇಗಿದ್ದರೂ ಎರಡು ವರ್ಷ ತಾನೆ? ಆಮೇಲೆ ಯಾವುದಾದರೂ ಕಂಪನಿಗೆ ಹೋಗಿಬಿಡುತ್ತೇನೆ” ಎಂದನು.

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಕೇಳಬೇಕಾಗಿದ್ದ ಒಂದು ಪ್ರಶ್ನೆ ಅದರಲ್ಲಿ ಇರಲಿಲ್ಲ. ಅವನಿಗೆ ಅಂದು ಪೂರ್ಣವಾಗಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸಿದ್ದೇನೆ.

ಇಂದಿನ ವಿದ್ಯಾರ್ಥಿಯ ಕಣ್ಣಿಗೆ ಲೆಕ್ಕಪರಿಶೋಧಕರ ಕಚೇರಿಯು ಒಂದು ಮೆಟ್ಟಿಲು. ಪರೀಕ್ಷೆಗೆ ಅದು ಕಡ್ಡಾಯ. ಮುಂದಿನ ಉದ್ಯೋಗಕ್ಕೆ ಅದು ಪರಿಚಯಪತ್ರ. ಆರ್ಟಿಕಲ್‌ಶಿಪ್ ಎಂದು ಕರೆಯುವ ಈ ತರಬೇತಿಯು ಮೊದಲು ಮೂರು ವರ್ಷಗಳದಾಗಿದ್ದು, 2023ರಲ್ಲಿ ಜಾರಿಗೆ ಬಂದ ಹೊಸ ಪದ್ಧತಿಯಲ್ಲಿ ಎರಡು ವರ್ಷಗಳಿಗೆ ಇಳಿದಿದೆ. ನಾಲ್ಕು ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆಗಳ ಪೈಕಿ ಒಂದರ ಹೆಸರು ತನ್ನ ಹೆಸರಿನೊಡನೆ ಸೇರಿದರೆ ಜನ್ಮ ಸಾರ್ಥಕವಾಯಿತೆಂದು ಭಾವಿಸುವವರು ಬಹಳ. ಚಿಕ್ಕ ಕಚೇರಿಗಳನ್ನು ಸೇರುವವರಲ್ಲಿ ಕೆಲವರಿಗೆ ಅಲ್ಲಿ ಓದಲು ಹೆಚ್ಚು ರಜೆ ಸಿಕ್ಕೀತೆಂಬ ಆಸೆ. ಮಾಡುವ ಕೆಲಸದ ಬಗ್ಗೆ ಕೇಳಿದರೆ, “ಟಿಕ್ ಹಾಕುವ ಕೆಲಸ” ಎಂದು ನಗುತ್ತಾರೆ. ರಸೀದಿಗೂ ಕಿರ್ದಿಗೂ, ಕಿರ್ದಿಗೂ ಖಾತೆಗೂ ತಾಳೆ ನೋಡಿ ಪಕ್ಕದಲ್ಲಿ ಗುರುತು ಹಾಕುವುದರಲ್ಲಿ ವಿದ್ವತ್ತೇನಿದೆ ಎಂಬುದು ಅವರ ಭಾವನೆ.

ವೃತ್ತಿಯಲ್ಲಿ ನುರಿತವರ ನೋಟ ಬೇರೆ ಬಗೆಯದು. ಶ್ರಮಕ್ಕೆ ತಕ್ಕ ಶುಲ್ಕವಿಲ್ಲ, ಕಾನೂನಿನ ಹೊಣೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ, ಲೆಕ್ಕ ಸರಿಯಾಗಿದ್ದರೆ ಯಾರೂ ನೆನೆಯರು, ತಪ್ಪಾದರೆ ಎಲ್ಲರೂ ಬೆರಳು ತೋರುವರು ಎಂಬುದು ಅವರ ಕೊರಗು. ಆದ್ದರಿಂದಲೇ ಸಮರ್ಥರಾದ ಅನೇಕರು ಕೆಲವು ವರ್ಷಗಳಲ್ಲಿಯೇ ಕಂಪನಿಗಳ ಹಣಕಾಸು ವಿಭಾಗಗಳಿಗೆ ಹೊರಟುಹೋಗುತ್ತಾರೆ. ಅದು ಅಪರಾಧವಲ್ಲ. ಕಂಪನಿಯೊಳಗೆ ಕುಳಿತು ನೇರವಾದ ಲೆಕ್ಕ ಬರೆಯುವವನೂ ಸಮಾಜಕ್ಕೆ ಬೇಕಾದವನೇ.

ದಣಿವಿನ ಮಾತನ್ನೂ ಹಗುರವಾಗಿ ಕಾಣಲಾಗದು. 2024ರಲ್ಲಿ ಪುಣೆಯಲ್ಲಿ ಯುವ ಲೆಕ್ಕಪರಿಶೋಧಕಿಯೊಬ್ಬಳು ಮರಣ ಹೊಂದಿದಾಗ, ಮಗಳು ಕೆಲಸದ ಭಾರದಿಂದ ಕುಗ್ಗಿಹೋಗಿದ್ದಳೆಂದು ಅವಳ ತಾಯಿ ಸಂಸ್ಥೆಯ ಮುಖ್ಯಸ್ಥರಿಗೆ ಬರೆದ ಪತ್ರವು ದೇಶದಾದ್ಯಂತ ಚರ್ಚೆಗೆ ಕಾರಣವಾಯಿತು. ಆ ಚರ್ಚೆಯಲ್ಲಿ ಎಷ್ಟೋ ತರುಣರು ತಮ್ಮ ನಿದ್ರೆಯಿಲ್ಲದ ರಾತ್ರಿಗಳನ್ನು ಹೇಳಿಕೊಂಡರು. ದಣಿದ ಕಣ್ಣಿಗೆ ತಪ್ಪು ಕಾಣದು. ಕಂಡರೂ ದಣಿದ ಮನಸ್ಸು ಅದನ್ನು ಎತ್ತಿ ಹೇಳದು. ಹೀಗಾಗಿ ಕಿರಿಯರನ್ನು ಅತಿಯಾಗಿ ದುಡಿಸುವ ಕಚೇರಿಯು ಅವರಿಗೆ ಮಾತ್ರವಲ್ಲ, ಆ ಲೆಕ್ಕವನ್ನು ನಂಬುವ ಎಲ್ಲರಿಗೂ ಅನ್ಯಾಯ ಮಾಡುತ್ತದೆ.

ಇಲ್ಲಿ ಒಂದು ವಿಷಯ ಗಮನಾರ್ಹವಾಗಿದೆ. ನಮ್ಮ ದೇಶದ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯು 1949ರ ಜುಲೈ 1ರಂದು ಸ್ಥಾಪಿತವಾಯಿತು. ಅದರ ಲಾಂಛನದಲ್ಲಿರುವ ಧ್ಯೇಯವಾಕ್ಯವನ್ನು ಕಠೋಪನಿಷತ್ತಿನಿಂದ ಆರಿಸಿಕೊಳ್ಳಲಾಗಿದೆ. ಇತರರು ನಿದ್ರಿಸುತ್ತಿರುವಾಗ ಎಚ್ಚತ್ತಿರುವವನು ಎಂಬುದು ಅದರ ಭಾವ. ತರುಣರು ಇದನ್ನೇ ಹಾಸ್ಯಕ್ಕೆ ತಿರುಗಿಸಿ, ರಾತ್ರಿಯೆಲ್ಲ ಕಚೇರಿಯಲ್ಲಿ ದೀಪ ಉರಿಸುವವನೇ ಲೆಕ್ಕಪರಿಶೋಧಕ ಎನ್ನುವುದುಂಟು. ಆದರೆ ಅಲ್ಲಿ ಹೇಳಿರುವುದು ಕಣ್ಣಿನ ಎಚ್ಚರವಲ್ಲ. ನಿದ್ರಿಸುತ್ತಿರುವವರು ಯಾರು, ಅವರ ಪರವಾಗಿ ಇವನು ಏಕೆ ಎಚ್ಚತ್ತಿರಬೇಕು ಎಂಬುದನ್ನು ವಿಚಾರಿಸಬೇಕು.

ಒಬ್ಬ ವಿಧವೆ ತನ್ನ ಉಳಿತಾಯವನ್ನು ಬ್ಯಾಂಕಿನಲ್ಲಿರಿಸುತ್ತಾಳೆ. ಬ್ಯಾಂಕು ಆ ಹಣವನ್ನು ಒಂದು ಗಿರಣಿಗೆ ಸಾಲ ಕೊಡುತ್ತದೆ. ಗಿರಣಿಯ ಅಢಾವೆ ಪತ್ರಿಕೆಯಲ್ಲಿ ಇಂತಿಷ್ಟು ದಾಸ್ತಾನು ಇದೆಯೆಂದು ಬರೆದಿರುತ್ತದೆ. ಕೆಳಗೆ ಲೆಕ್ಕಪರಿಶೋಧಕನ ಸಹಿ ಇರುತ್ತದೆ. ಆ ವಿಧವೆ ಗಿರಣಿಯನ್ನು ಕಂಡವಳಲ್ಲ, ಅಢಾವೆ ಪತ್ರಿಕೆಯನ್ನು ಓದಿದವಳಲ್ಲ. ಆದರೂ ಅವಳು ರಾತ್ರಿ ನೆಮ್ಮದಿಯಿಂದ ಮಲಗುವುದರಲ್ಲಿ ಆ ಸಹಿಗೆ ಒಂದು ಪಾಲಿದೆ. ವಿಚಿತ್ರವೆಂದರೆ, ಪರಿಶೋಧಕನಿಗೆ ಶುಲ್ಕ ಬರುವುದು ಅವಳಿಂದಲ್ಲ, ಪರಿಶೋಧನೆಗೆ ಒಳಗಾಗುವ ಗಿರಣಿಯಿಂದ. ನಂಬುವವರು ಒಬ್ಬರು, ಕೊಡುವವರು ಮತ್ತೊಬ್ಬರು. ಈ ವೃತ್ತಿಯ ನೈತಿಕ ಸಂಕಟವೆಲ್ಲ ಈ ಅಂತರದಲ್ಲಿದೆ. 2013ರ ಕಂಪನಿಗಳ ಕಾಯಿದೆಯು ಇದನ್ನರಿತೇ, ಷೇರು ಮಾರುಕಟ್ಟೆಯಲ್ಲಿರುವ ಕಂಪನಿಗಳಲ್ಲಿ ಒಂದೇ ಪರಿಶೋಧನಾ ಸಂಸ್ಥೆ ಸತತವಾಗಿ ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ಮುಂದುವರಿಯದಂತೆ ಕಟ್ಟು ಮಾಡಿತು. ಪರಿಶೋಧಿಸುವ ಕಂಪನಿಗೇ ಲೆಕ್ಕ ಬರೆದುಕೊಡುವುದನ್ನೂ ನಿಷೇಧಿಸಿತು. ಕಾನೂನು ಇಷ್ಟನ್ನು ಮಾಡಬಲ್ಲದು. ಉಳಿದುದು ಮನುಷ್ಯನ ಪಾಲಿನದು.

ಆ ಉಳಿದ ಭಾಗ ಎಂಥದೆಂಬುದನ್ನು ತಿಳಿಸಲು ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ.

ನಾನು ತರಬೇತಿಯಲ್ಲಿದ್ದ ಎರಡನೆಯ ವರ್ಷ. ನಮ್ಮ ಕಚೇರಿಯ ಕಕ್ಷಿದಾರರಲ್ಲಿ ಒಂದು ಎಣ್ಣೆ ಗಿರಣಿಯಿತ್ತು. ವರ್ಷದ ಕೊನೆಯ ದಿನ ಕಡಲೆಕಾಯಿ ಚೀಲಗಳ ಎಣಿಕೆಗೆ ನನ್ನನ್ನು ಕಳುಹಿಸಿದ್ದರು. ಉಗ್ರಾಣದ ಮುಂದಿನ ಸಾಲುಗಳನ್ನು ಎಣಿಸಿದೆ. ಹಿಂದಿನ ಸಾಲುಗಳನ್ನು ನೋಡಬೇಕಾದರೆ ಚೀಲಗಳ ಮೇಲೆ ಹತ್ತಿ ಹೋಗಬೇಕಿತ್ತು. ಸಂಜೆಯಾಗಿತ್ತು, ಊರಿಗೆ ಹೋಗುವ ಕೊನೆಯ ಬಸ್ಸಿನ ಹೊತ್ತು ಸಮೀಪಿಸಿತ್ತು. ಉಗ್ರಾಣ ನೋಡಿಕೊಳ್ಳುತ್ತಿದ್ದ ವೃದ್ಧರು ಮೃದುವಾಗಿ, “ಹಿಂದಿನವೂ ಹೀಗೇ ಇವೆ ಸ್ವಾಮಿ, ಸಾಲಿಗೆ ನಲವತ್ತು. ಬರೆದುಕೊಳ್ಳಿ” ಎಂದರು. ಬರೆದುಕೊಂಡೆ. ಪಕ್ಕದಲ್ಲಿ ಹಸಿರು ಶಾಯಿಯ ಗುರುತು ಹಾಕಿದೆ. ಮರುದಿನ ನಮ್ಮ ಹಿರಿಯರು, “ಎಲ್ಲವನ್ನೂ ನೀನೇ ಎಣಿಸಿದೆಯೇನಪ್ಪ?” ಎಂದು ಕೇಳಿದರು. “ಹೌದು ಸಾರ್” ಎಂದೆ. ಕಾಲಕ್ರಮದಲ್ಲಿ ಅವರು ಆ ಲೆಕ್ಕಕ್ಕೆ ಸಹಿ ಹಾಕಿದರು.

ಅನಂತರ ಯಾವ ಅನಾಹುತವೂ ಸಂಭವಿಸಲಿಲ್ಲ. ಹಿಂದಿನ ಸಾಲುಗಳಲ್ಲಿ ಬಹುಶಃ ಚೀಲಗಳು ಇದ್ದೇ ಇದ್ದವು. ಆದರೆ ನನಗೆ ಗೊತ್ತಿಲ್ಲ, ಇಂದಿಗೂ ಗೊತ್ತಿಲ್ಲ. ಚೀಲಗಳಿವೆ ಎಂದು ನಾನು ಬರೆದದ್ದು ನಿಜವೇ ಆಗಿರಬಹುದು. ಆದರೆ ನಾನು ಕಂಡೆನೆಂದು ಹೇಳಿದ್ದು ಸುಳ್ಳು. ಲೆಕ್ಕಪರಿಶೋಧಕನು ಲೋಕಕ್ಕೆ ಕೊಡುವುದು ಚೀಲಗಳನ್ನಲ್ಲ. ತಾನು ಕಂಡೆನೆಂಬ ಮಾತನ್ನು. ಆ ಮಾತೇ ಪೊಳ್ಳಾದರೆ, ಚೀಲಗಳಿದ್ದರೂ ಅವನು ಕೊಟ್ಟದ್ದು ಏನೂ ಇಲ್ಲ.

ಇದು ಕ್ಷುಲ್ಲಕ ವಿಷಯವೆಂದು ತೋರಬಹುದು. ಆದರೆ ಈ ವೃತ್ತಿಯ ಇತಿಹಾಸವು ಇಂಥ ಉಗ್ರಾಣಗಳ ಸುತ್ತಲೇ ಬೆಳೆದುಬಂದಿದೆ. ಇಂಗ್ಲೆಂಡಿನ ಒಂದು ಹತ್ತಿ ಗಿರಣಿಯ ವ್ಯವಸ್ಥಾಪಕನು ವರ್ಷಾನುಗಟ್ಟಲೆ ದಾಸ್ತಾನನ್ನು ಹೆಚ್ಚಿಸಿ ತೋರಿಸಿದ್ದನು. ಪರಿಶೋಧಕರು ಅವನ ಬರಹವನ್ನೇ ನಂಬಿದ್ದರು. 1896ರಲ್ಲಿ ಅಲ್ಲಿಯ ನ್ಯಾಯಾಲಯವು, ಪರಿಶೋಧಕನು ಕಾವಲುನಾಯಿಯೇ ಹೊರತು ಬೇಟೆನಾಯಿಯಲ್ಲ ಎಂಬ ನ್ಯಾಯವನ್ನು ಹೇಳಿ ಅವರನ್ನು ಹೊಣೆಯಿಂದ ಬಿಡಿಸಿತು. ಆದರೆ 1938ರಲ್ಲಿ ಅಮೆರಿಕದ ಮೆಕೆಸನ್ ಅಂಡ್ ರಾಬಿನ್ಸ್ ಎಂಬ ಔಷಧಿ ಕಂಪನಿಯ ಪುಸ್ತಕದಲ್ಲಿದ್ದ ಕೋಟ್ಯಂತರ ಡಾಲರುಗಳ ಆಸ್ತಿಯು ಬರಿಯ ಕಾಗದದ ಮೇಲಿನದೆಂದು ಬಯಲಾಯಿತು. ಅಲ್ಲಿಯೂ ಪರಿಶೋಧಕರು ಉಗ್ರಾಣಕ್ಕೆ ಹೋಗಿ ನೋಡಿರಲಿಲ್ಲ. ಮರುವರ್ಷವೇ, ದಾಸ್ತಾನಿನ ಎಣಿಕೆಯನ್ನು ಪರಿಶೋಧಕನು ಕಣ್ಣಾರೆ ಕಾಣಬೇಕೆಂಬ ನಿಯಮವನ್ನು ಆ ದೇಶದ ವೃತ್ತಿನಿರತರು ಅಂಗೀಕರಿಸಿದರು. ಇಂದು ಹದಿಹರೆಯ ದಾಟಿದ ಹುಡುಗನೊಬ್ಬನು ಧೂಳಿನ ಉಗ್ರಾಣದಲ್ಲಿ ನಿಂತು ಚೀಲ ಎಣಿಸುವುದರ ಹಿಂದೆ ಇಷ್ಟು ದೊಡ್ಡ ಪಶ್ಚಾತ್ತಾಪವಿದೆ.

ನಮ್ಮ ದೇಶದ ಉದಾಹರಣೆ ಇನ್ನೂ ಹತ್ತಿರದ್ದು. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಕಂಪನಿಯ ಅಧ್ಯಕ್ಷರು, ತಮ್ಮ ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ತಾವೇ ಪತ್ರ ಬರೆದು ಒಪ್ಪಿಕೊಂಡರು. 2015ರಲ್ಲಿ ವಿಶೇಷ ನ್ಯಾಯಾಲಯವು ಅವರನ್ನೂ ಇಬ್ಬರು ಮಾಜಿ ಪರಿಶೋಧಕರನ್ನೂ ಸೇರಿಸಿ ಹತ್ತು ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಿತು. ಬ್ಯಾಂಕಿನಲ್ಲಿ ಹಣವಿದೆಯೇ ಎಂದು ಪರಿಶೋಧಕನು ತಾನೇ ಬ್ಯಾಂಕಿಗೆ ಬರೆದು, ಉತ್ತರವನ್ನು ನೇರವಾಗಿ ತಾನೇ ಪಡೆಯಬೇಕೆಂಬುದು ಈ ವೃತ್ತಿಯ ಮೊದಲ ಪಾಠಗಳಲ್ಲೊಂದು. ಆ ಪತ್ರಗಳ ಮೇಲಿನ ಹಿಡಿತವನ್ನು ಕಂಪನಿಯವರ ಕೈಗೇ ಬಿಟ್ಟಿದ್ದರೆಂದು 2011ರಲ್ಲಿ ಅಮೆರಿಕದ ನಿಯಂತ್ರಣ ಸಂಸ್ಥೆಗಳು ದೋಷ ಹೊರಿಸಿದವು. ಪತ್ರ ಕಳುಹಿಸಿ ಉತ್ತರ ಕಾಯುವುದು ಸಾಮಾನ್ಯವಾಗಿ ಕಚೇರಿಯ ಅತ್ಯಂತ ಕಿರಿಯರಿಗೆ ವಹಿಸುವ, ಅತ್ಯಂತ ನೀರಸವಾದ ಕೆಲಸ. ಅದೇ ತಪ್ಪಿದಾಗ ಸಾವಿರಾರು ಕೋಟಿಯ ಸುಳ್ಳು ನಿರಾತಂಕವಾಗಿ ಸಾಗಿತು.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಈ ವೃತ್ತಿಯ ಬೆಲೆ ಇರುವುದು ಮೇಲಿನ ಅಂತಸ್ತಿನ ಸಭೆಗಳಲ್ಲಿ ಮಾತ್ರವಲ್ಲ. ತರುಣರು ಯಾವುದನ್ನು ಬರಿಯ ಟಿಕ್ ಹಾಕುವ ಕೆಲಸವೆಂದು ನಗುವರೋ, ಆ ಕೆಲಸದ ಮೇಲೆಯೇ ಉಳಿದುದೆಲ್ಲ ನಿಂತಿದೆ. “ಸಹಿ ನನ್ನದಲ್ಲ, ನಾನು ಕಿರಿಯವನು” ಎಂಬ ಸಮಾಧಾನವು ಇಲ್ಲಿ ಸಲ್ಲದು. ಹಿರಿಯರ ಸಹಿ ಕಿರಿಯನ ಮಾತಿನ ಮೇಲೆ ನಿಂತಿರುತ್ತದೆ. ನನ್ನ “ಹೌದು ಸಾರ್” ಎಂಬ ಎರಡು ಶಬ್ದಗಳ ಮೇಲೆ ನಿಂತಂತೆ. ಈಗ ಗಣಕಯಂತ್ರಗಳು ಲಕ್ಷಾಂತರ ನಮೂದುಗಳನ್ನು ಕ್ಷಣದಲ್ಲಿ ತಾಳೆ ನೋಡುತ್ತವೆ. ಬೆಂಗಳೂರಿನ ದೊಡ್ಡ ಕೇಂದ್ರಗಳಲ್ಲಿ ಕುಳಿತ ನಮ್ಮ ಮಕ್ಕಳು ಅಮೆರಿಕ, ಇಂಗ್ಲೆಂಡುಗಳ ಕಂಪನಿಗಳ ಲೆಕ್ಕವನ್ನು ಪರದೆಯ ಮೇಲೆ ನೋಡುತ್ತಾರೆ. ಆ ಉಗ್ರಾಣಗಳನ್ನು ಅವರು ಎಂದೂ ಕಾಣಲಾರರು. ಅಂಥವರಿಗೆ, ತಾನು ಕಂಡದ್ದು ಯಾವುದು, ಇತರರು ಹೇಳಿದ್ದು ಯಾವುದು ಎಂಬ ವಿವೇಕ ನಮಗಿಂತಲೂ ಹೆಚ್ಚಾಗಿ ಬೇಕು.

ಸುಳ್ಳು ಬರಹವನ್ನು ಸೃಷ್ಟಿಸುವ ಕೂಟಲೇಖಕ್ರಿಯೆಯನ್ನು ಉಮಾಸ್ವಾಮಿ ಆಚಾರ್ಯರು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿರುವುದನ್ನು ಓದುಗರು ಬಲ್ಲರು. ವ್ಯಾಪಾರದಲ್ಲಿ ನಿರತನಾದ ಗೃಹಸ್ಥನು ಲೆಕ್ಕದ ಪುಸ್ತಕದ ಮುಂದೆಯೇ ಜಾರಬಹುದೆಂದು ಅವರು ಕಂಡಿದ್ದರು. ಆದರೆ ಹೆಚ್ಚಿನ ತರುಣರು ಕೂಟಲೇಖವನ್ನು ಬರೆಯುವುದಿಲ್ಲ. ಅವರನ್ನು ಕಾಡುವುದು ಪ್ರಮಾದ, ಅಂದರೆ ಎಚ್ಚರ ತಪ್ಪುವುದು. ಹಿಂಸೆಯ ಲಕ್ಷಣವನ್ನು ಹೇಳುವಾಗಲೂ ಆಚಾರ್ಯರು ಪ್ರಮಾದವನ್ನೇ ಅದರ ಮೂಲದಲ್ಲಿ ಇರಿಸಿದ್ದಾರೆ. 1949ರ ಚಾರ್ಟರ್ಡ್ ಅಕೌಂಟೆಂಟ್‌ಗಳ ಕಾಯಿದೆಯು ಕರ್ತವ್ಯದಲ್ಲಿನ ಘೋರ ನಿರ್ಲಕ್ಷ್ಯವನ್ನು ವೃತ್ತಿದೋಷವೆಂದು ಪರಿಗಣಿಸುವಾಗ, ಬೇರೆ ಮಾತುಗಳಲ್ಲಿ ಇದನ್ನೇ ಹೇಳುತ್ತದೆ. ನಾನು ಅಂದು ಯಾರನ್ನೂ ವಂಚಿಸಬೇಕೆಂದು ಬಯಸಿರಲಿಲ್ಲ. ಬಸ್ಸು ಹಿಡಿಯಬೇಕೆಂದು ಮಾತ್ರ ಬಯಸಿದ್ದೆ.

ಹಾಗೆಂದು ಹೊಣೆಯನ್ನೆಲ್ಲ ಕಿರಿಯರ ತಲೆಗೆ ಕಟ್ಟುವುದು ನ್ಯಾಯವಲ್ಲ. ಒಂದೇ ಸಂಜೆಗೆ ಐದು ಉಗ್ರಾಣಗಳನ್ನು ಒಬ್ಬನಿಗೆ ಒಪ್ಪಿಸುವ ಹಿರಿಯನು, ಎಣಿಸಬೇಡ ಎಂದು ಬಾಯಿಬಿಟ್ಟು ಹೇಳದಿದ್ದರೂ ಹೇಳಿದಂತೆಯೇ ಸರಿ. ಅಂದು ನಾನು “ಹಿಂದಿನ ಸಾಲುಗಳನ್ನು ನೋಡಲಾಗಲಿಲ್ಲ ಸಾರ್” ಎಂದಿದ್ದರೆ ನಮ್ಮ ಹಿರಿಯರು ಗದರುತ್ತಿದ್ದರೇನೋ. ಆದರೆ ಮತ್ತೆ ಎಣಿಸಲು ಕಳುಹಿಸುತ್ತಿದ್ದರು. ಹೇಳುವ ಧೈರ್ಯ ನನ್ನಲ್ಲಿ ಇರಲಿಲ್ಲ. ಕೇಳಿಸಿಕೊಳ್ಳುವ ಮನಸ್ಸು ಅವರಲ್ಲಿತ್ತು. ಇಂದು ಹೇಳುವ ಧೈರ್ಯವುಳ್ಳ ಮಕ್ಕಳಿದ್ದು, ಕೇಳಿಸಿಕೊಳ್ಳುವವರೇ ಇಲ್ಲದ ಕಚೇರಿಗಳಿದ್ದರೆ ಅದು ಇನ್ನೂ ದೊಡ್ಡ ದುರಂತ.

ತಂಗಿಯ ಮೊಮ್ಮಗನಿಗೆ ನಾನು ದೊಡ್ಡ ಕಚೇರಿಯೋ ಚಿಕ್ಕ ಕಚೇರಿಯೋ ಎಂಬುದನ್ನು ಹೇಳಲಿಲ್ಲ. ಸೇರುವ ಮೊದಲು ಅಲ್ಲಿ ಈಗಾಗಲೇ ಇರುವ ಹುಡುಗರಲ್ಲಿ ಎರಡು ಮಾತು ವಿಚಾರಿಸು ಎಂದೆ. “ನಾನು ಇದನ್ನು ನೋಡಲಿಲ್ಲ” ಎಂದು ಹಿರಿಯರ ಮುಂದೆ ಹೇಳಿದರೆ ಅಲ್ಲಿ ಏನಾಗುತ್ತದೆ? ಲೆಕ್ಕ ಒಪ್ಪಿಗೆಯಾಗದೆ ಆ ಕಚೇರಿಯು ಎಂದಾದರೂ ಒಬ್ಬ ಕಕ್ಷಿದಾರನನ್ನು ಬಿಟ್ಟುಕೊಟ್ಟಿದೆಯೇ? ಇವೆರಡಕ್ಕೂ ಒಳ್ಳೆಯ ಉತ್ತರ ಸಿಕ್ಕರೆ ಅಲ್ಲಿ ಸೇರು; ಎರಡು ವರ್ಷವಿದ್ದು ಹೊರಟರೂ ಚಿಂತೆಯಿಲ್ಲ, ಜೀವನವಿಡೀ ಇದ್ದರೂ ನಷ್ಟವಿಲ್ಲ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನು ಯಾರೂ ಕೇಳುವುದಿಲ್ಲ ಅಜ್ಜಾ” ಎಂದನು.

ನಿಜ, ಯಾರೂ ಕೇಳುವುದಿಲ್ಲ. ಏಕೆಂದರೆ ಮನೆಯಲ್ಲಿ ಹಿರಿಯರಾದ ನಾವು ಕೇಳಲು ಕಲಿಸಿಲ್ಲ. ಸ್ಟೈಪೆಂಡ್ ಎಷ್ಟು, ಕಚೇರಿಯ ಹೆಸರೇನು, ಮುಂದೆ ಸಂಬಳ ಎಷ್ಟಾದೀತು ಎಂಬುದನ್ನು ಮಾತ್ರ ವಿಚಾರಿಸುತ್ತೇವೆ. ಇನ್ನು ಮುಂದೆ, ಕೆಲಸದಿಂದ ದಣಿದು ಬಂದ ಮಗನನ್ನೋ ಮಗಳನ್ನೋ ಕೂರಿಸಿ ಊಟಕ್ಕೆ ಬಡಿಸುವಾಗ, “ಇಂದು ಏನನ್ನು ಕಣ್ಣಾರೆ ಕಂಡೆ?” ಎಂದೂ ಒಂದು ಮಾತು ಕೇಳೋಣ. ಯಾರದೋ ನೆಮ್ಮದಿಯ ನಿದ್ರೆ ಆ ಉತ್ತರವನ್ನು ನಂಬಿಕೊಂಡಿದೆ.