ನಡೆಯದ ಗೆಲುವು

ಕಲೆಗೆ ಇತಿಹಾಸವನ್ನು ತಿದ್ದುವ ಅಧಿಕಾರವುಂಟೇ? ಪ್ರಶ್ನೆ ಹಳೆಯದು. ಕವಿಯು ಹೇಳಬೇಕಾದುದು ನಡೆದುದನ್ನಲ್ಲ, ನಡೆಯಬಹುದಾದುದನ್ನು ಎಂದು ಗ್ರೀಕ್ ತತ್ತ್ವಜ್ಞ ಅರಿಸ್ಟಾಟಲನು ಬಹು ಹಿಂದೆಯೇ ಹೇಳಿದ್ದಾನೆ. ಆದರೆ ನಡೆಯಲೇ ಇಲ್ಲವೆಂದು ಎಲ್ಲರೂ ಬಲ್ಲುದನ್ನು ಕಲೆಯು ನಡೆದಂತೆ ತೋರಿಸಿದರೆ, ಅದನ್ನು ಕಂಡು ಹಿಗ್ಗುವ ನಮ್ಮ ಮನಸ್ಸನ್ನು ನಾವು ಹೇಗೆ ಅಳೆಯಬೇಕು? ಅಮೆರಿಕದ ನಿರ್ದೇಶಕ ಕ್ವೆಂಟಿನ್ ಟ್ಯಾರಂಟಿನೊ 2009ರಲ್ಲಿ ತೆರೆಗೆ ತಂದ ‘ಇಂಗ್ಲೋರಿಯಸ್ ಬಾಸ್ಟರ್ಡ್ಸ್’ ಎಂಬ ಚಲಚ್ಚಿತ್ರವು ಈ ಪ್ರಶ್ನೆಯನ್ನು ಹೊಸದಾಗಿ ಎತ್ತಿತು.

ಅಜ್ಜಿಕಥೆಯ ‘ಒಂದಾನೊಂದು ಕಾಲದಲ್ಲಿ’ ಎಂಬ ಧಾಟಿಯಲ್ಲಿಯೇ ಈ ಚಿತ್ರವು ಆರಂಭವಾಗುತ್ತದೆ. ಜರ್ಮನರು ಆಕ್ರಮಿಸಿದ ಫ್ರಾನ್ಸಿನಲ್ಲಿ ತನ್ನ ಕುಟುಂಬವನ್ನೆಲ್ಲ ಕಳೆದುಕೊಂಡ ಯೆಹೂದಿ ತರುಣಿ ಶೋಶಾನಾ ಪ್ಯಾರಿಸಿನಲ್ಲಿ ಬೇರೆ ಹೆಸರಿನಿಂದ ಚಿತ್ರಮಂದಿರವೊಂದನ್ನು ನಡೆಸುತ್ತಾಳೆ. 1944ರಲ್ಲಿ ನಾಜಿ ನಾಯಕರೆಲ್ಲ ಅಲ್ಲಿ ನೆರೆದಾಗ, ಬೇಗನೆ ಹೊತ್ತಿಕೊಳ್ಳುವ ಹಳೆಯ ಫಿಲ್ಮಿನ ರಾಶಿಗೆ ಬೆಂಕಿಯಿಡಿಸುತ್ತಾಳೆ. ಅದೇ ಮಂದಿರದಲ್ಲಿ ಅಮೆರಿಕದ ಯೆಹೂದಿ ಸೈನಿಕರ ಗುಂಡಿಗೆ ಹಿಟ್ಲರನು ಬಲಿಯಾಗುತ್ತಾನೆ.

ಪ್ರೇಕ್ಷಕರ ಅಭಿಪ್ರಾಯವು ಮೂರು ಕವಲಾಯಿತು. ಯೆಹೂದಿಗಳನ್ನು ಸಾಯುವವರನ್ನಾಗಿಯೇ ತೋರಿಸಿದ ತೆರೆಯ ಮೇಲೆ ಒಮ್ಮೆಯಾದರೂ ಅವರು ಎದುರು ನಿಂತರಲ್ಲ ಎಂದು ಹಲವರು ಸಂತೋಷಪಟ್ಟರು. ಸುಮಾರು 60 ಲಕ್ಷ ಯೆಹೂದಿಗಳ ಹತ್ಯೆಯನ್ನು ವಿನೋದದ ವಸ್ತುವಾಗಿಸುವುದು ಮೃತರ ನೆನಪಿಗೆ ಅಪಚಾರವೆಂದೂ, ಪೀಡಿತರನ್ನು ಪೀಡಕರಂತೆಯೇ ಕ್ರೂರರನ್ನಾಗಿ ಚಿತ್ರಿಸುವುದು ನ್ಯಾಯವಲ್ಲವೆಂದೂ ಬೇರೆ ಹಲವರು ನೊಂದುಕೊಂಡರು. ಇದು ಸಿನಿಮಾವನ್ನು ಕುರಿತ ಸಿನಿಮಾ, ಇತಿಹಾಸದ ಪಾಠವಲ್ಲ, ಆದುದರಿಂದ ಕಲೆಯೆಂದೇ ನೋಡಬೇಕು ಎಂಬುದು ಉಳಿದವರ ವಾದ.

ಮೂರರಲ್ಲಿಯೂ ಸತ್ಯಾಂಶವುಂಟು. ಆದರೆ ಮೂರನೆಯ ವಾದದಲ್ಲಿ ಮಾತ್ರವೇ ನಿಂತರೆ ನಾವು ಪ್ರಶ್ನೆಯಿಂದ ನುಣುಚಿಕೊಂಡಂತಾಗುವುದು. ಚಿತ್ರದೊಳಗೊಂದು ಚಿತ್ರವಿದೆ. ಅದರಲ್ಲಿ ಜರ್ಮನ್ ಸೈನಿಕನೊಬ್ಬನು ಶತ್ರುಗಳನ್ನು ಒಬ್ಬೊಬ್ಬರನ್ನಾಗಿ ಕೊಲ್ಲುವುದನ್ನು ಕಂಡು ಹಿಟ್ಲರನು ನಗುತ್ತಾನೆ. ನಮಗೆ ಅಸಹ್ಯವಾಗುತ್ತದೆ. ಆದರೆ ಸ್ವಲ್ಪ ಹೊತ್ತಿನಲ್ಲಿಯೇ ಅವನ ದೇಹವು ಗುಂಡುಗಳಿಂದ ಜರ್ಜರಿತವಾದಾಗ ನಾವೂ ನಗುತ್ತೇವೆ. ಆ ನಗೆಗೂ ನಮ್ಮ ನಗೆಗೂ ಅಂತರವಿಲ್ಲವೇ? ಇದೆ. ಅವನದು ಅಧರ್ಮದ ಹಿಗ್ಗು, ನಮ್ಮದು ಅಧರ್ಮವು ಅಳಿಯಿತೆಂಬ ಹಿಗ್ಗು. ಆದರೂ ಕನ್ನಡಿ ನಮ್ಮೆದುರಿಗಿದೆ. ಸಹೃದಯನಾದವನು ಅದರಲ್ಲಿ ಒಮ್ಮೆ ತನ್ನ ಮುಖವನ್ನು ನೋಡಿಕೊಳ್ಳದೆ ಇರಲಾರನು.

ಇದಕ್ಕಿಂತಲೂ ಗಹನವಾದ ಸಂಗತಿ ಇನ್ನೊಂದಿದೆ. ಹಿಟ್ಲರನನ್ನು ಕೊಲ್ಲಲು ಯಾರೂ ಯತ್ನಿಸಲಿಲ್ಲವೇ? ಯತ್ನಿಸಿದರು. ಗೆಯೋರ್ಗ್ ಎಲ್ಸರ್ ಎಂಬ ಜರ್ಮನ್ ಬಡಗಿ 30ಕ್ಕೂ ಹೆಚ್ಚು ರಾತ್ರಿಗಳು ಮ್ಯೂನಿಕ್ಕಿನ ಸಭಾಮಂದಿರವೊಂದರಲ್ಲಿ ಅಡಗಿ ಕುಳಿತು, ವೇದಿಕೆಯ ಹಿಂದಿನ ಕಂಬವನ್ನು ಕೊರೆದು ಬಾಂಬನ್ನಿಟ್ಟನು. 1939ರ ನವೆಂಬರ್ 8ರ ರಾತ್ರಿ ಅದು ನಿಶ್ಚಿತ ವೇಳೆಗೆ ಸಿಡಿಯಿತು. ಆದರೆ ಮಂಜು ಕವಿದುದರಿಂದ ವಿಮಾನವನ್ನು ಬಿಟ್ಟು ರೈಲಿನಲ್ಲಿ ಮರಳಬೇಕಾಗಿದ್ದ ಹಿಟ್ಲರನು ಭಾಷಣವನ್ನು ಮೊಟಕುಗೊಳಿಸಿ 13 ನಿಮಿಷ ಮೊದಲೇ ಹೊರಟುಹೋಗಿದ್ದನು. 8 ಮಂದಿ ಬೇರೆಯವರು ಸತ್ತರು. ಸೆರೆಸಿಕ್ಕ ಎಲ್ಸರನನ್ನು 1945ರ ಏಪ್ರಿಲ್ 9ರಂದು ಡಾಖಾವ್ ಶಿಬಿರದಲ್ಲಿ ಕೊಂದರು. ಹಿಟ್ಲರನು ಬರ್ಲಿನ್ನಿನಲ್ಲಿ ತನ್ನ ಕೈಯಿಂದಲೇ ಸತ್ತುದು ಅದೇ ತಿಂಗಳ 30ರಂದು.

ತೆರೆಯ ಮೇಲಿನ ಬೆಂಕಿ ಒಂದೇ ಸಂಜೆಯಲ್ಲಿ ಮಾಡಿ ಮುಗಿಸಿದುದನ್ನು ಈ ಬಡಗಿಯ ತಾಳ್ಮೆ ಮಾಡಲಾರದೆ ಹೋಯಿತು. ಈ ಸೋಲಿನೊಳಗೆ ಒಂದು ನೈತಿಕ ಭಾರವಿದೆ. ಅವನ ಧೈರ್ಯವೂ ಇದೆ, ಅದರಿಂದ ಸತ್ತ 8 ಜನರ ಪ್ರಾಣವೂ ಇದೆ. ಕಲ್ಪಿತ ಗೆಲುವಿಗೆ ಅಂಥ ತೂಕವಿಲ್ಲ. ಆ ಗೆಲುವಿನಲ್ಲಿ ಆನಂದಪಡುವುದು ತಪ್ಪೆಂದು ನಾವು ಹೇಳುವುದಿಲ್ಲ. ನ್ಯಾಯದ ಹಸಿವೇ ಆ ಆನಂದದ ತಾಯಿ. ಆದರೆ ನಡೆಯದ ಗೆಲುವು ನಡೆದ ಸೋಲನ್ನು ಮರೆಸಿಬಿಟ್ಟರೆ, ಹಸಿವು ತೀರದೆಯೇ ತೇಗು ಬಂದಂತಾಗುವುದು.

ಚಿತ್ರಕ್ಕೂ ಇದು ತಿಳಿಯದುದಲ್ಲವೆಂದು ತೋರುತ್ತದೆ. ಮಂದಿರವು ಹೊತ್ತಿ ಉರಿಯುವಾಗ ತೆರೆಯ ಮೇಲೆ ಶೋಶಾನಾಳ ಮುಖವು ನಗುತ್ತಿರುತ್ತದೆ; ಆದರೆ ಅವಳು ಆ ಮೊದಲೇ ಗುಂಡೇಟಿನಿಂದ ಸತ್ತಿರುತ್ತಾಳೆ. ಕಥೆಯಲ್ಲಿಯೂ ಸತ್ತವರು ತಮಗೆ ಸಂದ ನ್ಯಾಯವನ್ನು ಕಾಣಲಾರರು. ಅದನ್ನು ಕಾಣುವವರು ಉಳಿದ ನಾವು. ಆದುದರಿಂದ ನೆನಪಿನ ಹೊಣೆಯೂ ನಮ್ಮದೇ.

ಈ ಚಿತ್ರದ ಕ್ರೌರ್ಯವು ಎಳೆಯರ ಕಣ್ಣಿಗೆ ತಕ್ಕುದಲ್ಲ. ಅದು ಎತ್ತುವ ಪ್ರಶ್ನೆ ಮಾತ್ರ ತರಗತಿಗೆ ತಕ್ಕುದೇ. ‘ಹೀಗಾಗಿದ್ದರೆ!’ ಎಂದು ವಿದ್ಯಾರ್ಥಿಯು ಹಂಬಲಿಸಿದಾಗ ಅಧ್ಯಾಪಕರು ಅವನನ್ನು ಗದರಿಸಬೇಕಾಗಿಲ್ಲ. ಆ ಹಂಬಲದ ಪಕ್ಕದಲ್ಲಿ ನಿಜವಾದ ಇಸವಿಯನ್ನೂ, ಆ 13 ನಿಮಿಷಗಳನ್ನೂ ಬರೆದಿಟ್ಟರೆ ಸಾಕು. ಎರಡನ್ನೂ ಒಟ್ಟಿಗೆ ಓದಿದವನು ಕಥೆಯನ್ನೂ ಪ್ರೀತಿಸುವನು, ಸತ್ಯಕ್ಕೂ ಎರಡೆಣಿಸನು.